ಕ್ಯಾಂಪರ್ ವ್ಯಾನಿನ ಸಿಂಕು, ಪಂಪು, ಎರಡು ಕ್ಯಾನು: ಮೂರು ವರ್ಷ ಬಳಸಿದ ಮೇಲೆ

ಟ್ರಿಪ್ ಹೋದಾಗ ಒಳಗೇ ಉಂಡು ಮಲಗೋ ನಮ್ಮ ಕ್ಯಾಂಪರ್ ವ್ಯಾನಿಗೆ ಸಿಂಕ್ ಕೂರಿಸಿ ಮೂರು ವರ್ಷ ಆಯ್ತು. ಸೆಟಪ್ ತುಂಬಾ ಸಿಂಪಲ್. ಒಂದು ಚಿಕ್ಕ ಸ್ಟೀಲ್ ಸಿಂಕು, ಅದರ ಕೆಳಗಿನ ಕಪಾಟಲ್ಲಿ 20 ಲೀಟರಿನ ಒಳ್ಳೆ ನೀರಿನ ಕ್ಯಾನು, ಕ್ಯಾನೊಳಗೆ ಮುಳುಗಿರೋ 12 ವೋಲ್ಟ್ ಸಬ್‌ಮರ್ಸಿಬಲ್ ಪಂಪು, ಮೇಲೆ ಮೈಕ್ರೋಸ್ವಿಚ್ (ಪಂಪು ಆನ್ ಮಾಡೋ ಪುಟ್ಟ ಸ್ವಿಚ್ಚು) ಇರೋ ನಲ್ಲಿ, ಪಕ್ಕದಲ್ಲಿ ಮುಸುರೆ ನೀರಿಗೆ ಇನ್ನೊಂದು ಕ್ಯಾನು, ಅಷ್ಟೇ. ಗೀಸರ್ ಇಲ್ಲ, ವ್ಯಾನಿನ ಅಡಿಯಲ್ಲಿ ಟ್ಯಾಂಕ್ ಇಲ್ಲ. ಕೂರಿಸೋವಾಗ ನನ್ನ ತಲೆಯೆಲ್ಲಾ ಪಂಪು ಯಾವುದು ನಲ್ಲಿ ಯಾವುದು ಅನ್ನೋದರ ಮೇಲೇ ಇತ್ತು, ಡ್ರೈನ್ ಪೈಪನ್ನ ಕೊನೇ ದಿನ ಸಂಜೆ ಅರ್ಧ ಗಂಟೇಲಿ ಹಾಕಿ ಮುಗಿಸಿಬಿಟ್ಟೆ. ಮೂರು ವರ್ಷದಲ್ಲಿ ನಮ್ಮನ್ನ ಗೋಳು ಹೊಯ್ಕೊಂಡಿದ್ದೆಲ್ಲಾ ಆ ಅರ್ಧ ಗಂಟೆ ಕೆಲಸವೇ. ಹೊಸದಾಗಿ ಮಾಡ್ಕೊಳ್ಳೋರು ಯಾರಾದ್ರೂ ಕೇಳಿದ್ರೆ ನಾನು ಮೊದಲು ಹೇಳೋದು ಒಂದೇ, ನೀರು ಎಲ್ಲಿಂದ ಬರುತ್ತೆ ಅಂತ ಆಮೇಲೆ ನೋಡಿ, ಎಲ್ಲಿಗೆ ಹೋಗುತ್ತೆ ಅಂತ ಮೊದಲು ಕೂತು ಯೋಚನೆ ಮಾಡಿ.

ಶುರುನಲ್ಲಿ ಮುಸುರೆ ಕ್ಯಾನು 10 ಲೀಟರಿನದು ಇಟ್ಟಿದ್ದೆ, ಜಾಗ ಉಳಿಯುತ್ತೆ, ತುಂಬಿದಾಗ ಚೆಲ್ಲಿದ್ರಾಯ್ತು ಅಂತ. ಮೇಲಿಂದ ಸುರಿಯೋದು 20, ಕೆಳಗೆ ಹಿಡಿಯೋದು 10. ಎರಡನೇ ಟ್ರಿಪ್ಪಲ್ಲೇ ಕಪಾಟಿನೊಳಗೆ ತುಂಬಿ ಹರೀತು. ಬಾಗಿಲು ಮುಚ್ಚಿರೋ ಕಪಾಟು, ಕಾಣಲ್ಲ, ಎಷ್ಟು ಹೊತ್ತು ಹರೀತೋ ಗೊತ್ತಾಗ್ಲಿಲ್ಲ. ಪ್ಲೈವುಡ್ಡಿನ ಕತ್ತರಿಸಿದ ಅಂಚಿಗೆ ನಾನು ವಾರ್ನಿಶ್ ಹೊಡೆದಿರ್ಲಿಲ್ಲ, ಅದು ನೀರು ಕುಡಿದು ಉಬ್ಬಿ ಪದರ ಪದರ ಬಿಟ್ಕೊಳ್ತು. ಅದನ್ನ ತೆಗೆದು ಹೊಸ ತಳ ಹಾಕೋದು ಇಡೀ ಸಿಂಕ್ ಕೂರಿಸೋದಕ್ಕಿಂತ ದೊಡ್ಡ ಕೆಲಸ ಆಯ್ತು. ಈಗ ಮುಸುರೆ ಕ್ಯಾನು 25 ಲೀಟರಿನದು, ಒಳ್ಳೆ ನೀರಿನದಕ್ಕಿಂತ ದೊಡ್ಡದು. ಇದರಲ್ಲಿ ರಾಜಿ ಮಾಡ್ಕೋಬೇಡಿ, ಜಾಗ ಸಾಲದಿದ್ರೆ ಒಳ್ಳೆ ನೀರಿನ ಕ್ಯಾನನ್ನೇ ಚಿಕ್ಕದು ಮಾಡಿ.

ಆಮೇಲೆ ಗಾಳಿ ವಿಷಯ. ವಾಸನೆ ಬರಬಾರ್ದು ಅಂತ ಡ್ರೈನ್ ಪೈಪನ್ನ ಕ್ಯಾನಿನ ಬಾಯಿಗೆ ರಬ್ಬರ್ ಬಿರಡೆ ಹಾಕಿ ಗಟ್ಟಿಯಾಗಿ ಕೂರಿಸಿದ್ದೆ. ನೀರು ಒಳಗೆ ಇಳೀಬೇಕಂದ್ರೆ ಒಳಗಿರೋ ಗಾಳಿ ಹೊರಗೆ ಬರಬೇಕಲ್ವಾ, ಅದಕ್ಕೆ ದಾರಿನೇ ಇಲ್ಲ, ಸಿಂಕಲ್ಲಿ ನೀರು ನಿಂತು ಗುಳುಗುಳು ಅಂತ ಒಂದೊಂದೇ ಗುಟುಕು ಇಳೀತಿತ್ತು. ಬಿರಡೆಗೆ ಒಂದು ಸಣ್ಣ ತೂತು ಹೊಡೆದೆ, ನೀರು ಸರಾಗವಾಗಿ ಇಳೀತು, ಆದ್ರೆ ಬಿಸಿಲಲ್ಲಿ ನಿಲ್ಲಿಸಿದ ವ್ಯಾನಿನ ಬಾಗಿಲು ತೆಗೆದ್ರೆ ಗಬ್ಬು ನಾತ. ಕೊನೆಗೆ ಆ ತೂತಿಗೆ ಒಂದು ತೆಳ್ಳನೆ ಟ್ಯೂಬ್ ಸಿಕ್ಕಿಸಿ, ಸಿಂಕಿನ ಅಂಚಿಗಿಂತ ಮೇಲೆ ಒಂದು ಸುತ್ತು ಏರಿಸಿ, ಅಲ್ಲಿಂದ ನೆಲದಲ್ಲಿ ತೂತು ಮಾಡಿ ವ್ಯಾನಿನ ಅಡಿಗೆ ಬಿಟ್ಟೆ. ಅವತ್ತಿಂದ ಕ್ಯಾನಿನ ಕಡೆಯ ವಾಸನೆ ಹೋಯ್ತು. ಒಳ್ಳೆ ನೀರಿನ ಕ್ಯಾನಿಗೂ ಅಷ್ಟೇ, ಗಾಳಿ ಒಳಗೆ ಹೋಗೋಕೆ ಸಂದು ಇಲ್ಲಾಂದ್ರೆ ಪಂಪು ಎಳೆದಷ್ಟೂ ಕ್ಯಾನು ಒಳಕ್ಕೆ ಸೊಟ್ಟಗಾಗಿ ನಲ್ಲೀಲಿ ಧಾರೆ ಸಣ್ಣ ಆಗ್ತಾ ಬರುತ್ತೆ.

ಆದ್ರೂ ಸಿಂಕಿನ ತೂತಿನ ಕಡೆಯಿಂದ ಸ್ವಲ್ಪ ವಾಸನೆ ಉಳ್ಕೊಂಡಿತ್ತು. ಕಾರಣ ಪೈಪು. ನಾನು ಹಾಕಿದ್ದು ಸುರುಳಿ ಸುರುಳಿಯಾಗಿ ಬಳುಕೋ ಪೈಪು, ತಿರುವಲ್ಲಿ ಕೂರಿಸೋಕೆ ಸುಲಭ ಅನ್ನೋ ಕಾರಣಕ್ಕೆ. ಅದರ ಒಳಗಿನ ಪ್ರತಿ ಮಡಿಕೆಯಲ್ಲೂ ಜಿಡ್ಡು ಕೂರುತ್ತೆ, ಎಷ್ಟು ಬಿಸಿನೀರು ಸುರಿದ್ರೂ ಪೂರ್ತಿ ಹೋಗಲ್ಲ. ಜೊತೆಗೆ ಮಧ್ಯದಲ್ಲಿ ಜೋತುಬಿದ್ದು ಅಲ್ಲೇ ಒಂದು ಲೋಟದಷ್ಟು ನೀರು ನಿಲ್ತಿತ್ತು. ಈಗ ಒಳಗೆ ನುಣುಪಾಗಿರೋ 25 ಮಿಲಿಮೀಟರಿನ ಪೈಪು, ಕ್ಯಾನನ್ನ ಆದಷ್ಟು ಸಿಂಕಿನ ಕೆಳಗೇ ತಂದಿದ್ದೀನಿ, ಪೈಪು ಒಂದು ಮೊಳವೂ ಇಲ್ಲ, ಹೆಚ್ಚುಕಮ್ಮಿ ನೇರ ಕೆಳಕ್ಕೆ. ಮನೇಲಾದ್ರೆ ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ಕೊಟ್ರೆ ಸಾಕು, ವ್ಯಾನಲ್ಲಿ ಆ ಲೆಕ್ಕ ನಡೆಯಲ್ಲ, ಯಾಕಂದ್ರೆ ನಿಲ್ಲಿಸಿದ ಜಾಗವೇ ಅದಕ್ಕಿಂತ ಜಾಸ್ತಿ ವಾಲಿರುತ್ತೆ, ನೀವು ಕೊಟ್ಟ ಇಳಿಜಾರು ಉಲ್ಟಾ ಆಗ್ಬಿಡುತ್ತೆ. ಯು ಆಕಾರದ ಟ್ರ್ಯಾಪ್, ಅಂದ್ರೆ ಬಾಗಿನಲ್ಲಿ ನಿಂತ ನೀರೇ ವಾಸನೆ ತಡೆಯೋ ಪೈಪ್ ತುಂಡು, ಹಾಕಿ ನೋಡಿದೆ, ರಸ್ತೆಯ ಕುಲುಕಾಟಕ್ಕೆ ಅದರಲ್ಲಿ ನೀರು ನಿಲ್ಲಲ್ಲ. ಒಳಗೆ ಸಿಲಿಕೋನ್ ಪೊರೆ ಇರೋ, ನೀರು ಬೇಡದ ಟ್ರ್ಯಾಪ್ ಬರುತ್ತೆ, ಅದು ಕೆಲಸ ಮಾಡ್ತು, ಆದ್ರೆ ಊಟದ ಚೂರು ಸಿಕ್ಕಿಕೊಂಡ್ರೆ ಪೂರ್ತಿ ಮುಚ್ಚಲ್ಲ, ಜಾಲರಿ ಇಡ್ಲೇಬೇಕು. ಓಡಿಸೋವಾಗ ಸಿಂಕಿಗೆ ಬಿರಡೆ ಹಾಕ್ತೀವಿ. ಇದೆಲ್ಲಕ್ಕಿಂತ ಜಾಸ್ತಿ ಉಪಕಾರ ಮಾಡಿದ್ದು ನನ್ನ ಹೆಂಡತಿ ತಂದ ಪದ್ಧತಿ, ತೊಳೆಯೋಕೆ ಮುಂಚೆ ತಟ್ಟೆ ಬಾಣಲೆ ಎಲ್ಲಾ ಪೇಪರಲ್ಲಿ ಒರೆಸಿಬಿಡೋದು. ಜಿಡ್ಡು ಪೈಪಿಗೆ ಇಳಿಯೋದೇ ಇಲ್ಲ, ನೀರೂ ಅರ್ಧ ಉಳಿಯುತ್ತೆ. ಈಗ ಇಬ್ಬರಿಗೆ ದಿನಕ್ಕೆ 6, 7 ಲೀಟರ್ ಸಾಕಾಗ್ತಿದೆ, ಮೊದಲು 12ಕ್ಕೆ ಕಮ್ಮಿ ಆಗ್ತಿರ್ಲಿಲ್ಲ.

ಮುಸುರೆ ನೀರನ್ನ ಕಂಡಲ್ಲಿ ಚೆಲ್ಲಬೇಡಿ ದಯವಿಟ್ಟು. ಸೋಪಿನ ಡಬ್ಬಿ ಮೇಲೆ ಬಯೋಡಿಗ್ರೇಡಬಲ್ ಅಂತ ಬರೆದಿದ್ರೂ ಅದು ಕೊಳೆಯೋಕೆ ಮಣ್ಣು ಬೇಕು, ಹೊಳೆ ಕೆರೆಗೆ ಹೋದ್ರೆ ಅಲ್ಲಿರೋ ಜೀವಕ್ಕೆ ತೊಂದರೆನೇ. ಹಾಕೋಕೆ ಅಂತ ಮಾಡಿರೋ ಜಾಗ ಸಿಗೋವರೆಗೂ ನಾವು ಹೊತ್ಕೊಂಡೇ ಹೋಗ್ತೀವಿ, ದೊಡ್ಡ ಕ್ಯಾನು ಇದಕ್ಕೂ ಬೇಕು.

ಇನ್ನು ಪಂಪು. ಸಬ್‌ಮರ್ಸಿಬಲ್ ಚಿಕ್ಕದು, ಹಗುರ, 3 ಆಂಪಿಯರ್ ಆಸುಪಾಸು ಎಳೆಯುತ್ತೆ, ನಮ್ಮದು ನಿಮಿಷಕ್ಕೆ ಸುಮಾರು 10 ಲೀಟರ್ ಕೊಡುತ್ತೆ ಅಂತ ಮೇಲೆ ಬರೆದಿದೆ. ಕ್ಯಾನು ಹೊಸದಾಗಿ ತುಂಬಿಸಿದಾಗ ಒಂದೊಂದು ಸಲ ಗಾಳಿ ಕಟ್ಕೊಂಡು ಬರೀ ಗುಯ್ ಅನ್ನುತ್ತೆ, ನೀರಲ್ಲಿ ಮುಳುಗಿಸಿಟ್ಟೇ ಪಂಪನ್ನ ಎರಡು ಸಲ ಅಲ್ಲಾಡಿಸಿದ್ರೆ ಗುಳ್ಳೆ ಹೊರಬಂದು ಸರಿ ಹೋಗುತ್ತೆ. ಎರಡು ವರ್ಷ ಚೆನ್ನಾಗೇ ಓಡ್ತು. ತೊಂದರೆ ಕೊಟ್ಟಿದ್ದು ನಲ್ಲಿಯೊಳಗಿನ ಮೈಕ್ರೋಸ್ವಿಚ್ಚು. ನಮ್ಮ ನಲ್ಲೀಲಿ ವಾಲ್ವ್ ಇಲ್ಲ, ತಿರುಗಿಸಿದ್ರೆ ಸ್ವಿಚ್ ಒತ್ತುತ್ತೆ, ಪಂಪು ನೀರು ಎತ್ತುತ್ತೆ ಅಷ್ಟೆ. ಒಂದಿನ ನಾವು ವಾಕಿಂಗ್ ಹೋಗಿದ್ದಾಗ ಆ ಸ್ವಿಚ್ಚು ಒಳಗೆ ತೇವ ಸೇರಿ ತಾನಾಗೇ ಆನ್ ಆಗಿಬಿಟ್ಟಿದೆ. ಕ್ಯಾನು ಖಾಲಿಯಾಗೋವರೆಗೂ ನೀರು ಸುರಿದು, ಆಮೇಲೆ ಪಂಪು ಒಣಗಿ ಓಡಿ ಓಡಿ ಸುಟ್ಟುಹೋಗಿದೆ, ಈ ಥರ ಪಂಪಿಗೆ ತಂಪು ಕೊಡೋದೇ ಸುತ್ತ ಇರೋ ನೀರು. ವಾಪಸ್ ಬಂದು ಕಪಾಟು ತೆಗೆಯೋವಾಗ ನನ್ನ ಎದೆ ಡವಡವ ಅಂತಿತ್ತು. ಒಂದು ತೊಟ್ಟು ನೆಲಕ್ಕೆ ಬಿದ್ದಿರ್ಲಿಲ್ಲ, ಪೂರ್ತಿ ನೀರು ದೊಡ್ಡ ಕ್ಯಾನಲ್ಲಿ ಕೂತಿತ್ತು! ಹಳೇ 10 ಲೀಟರಿನದೇ ಇದ್ದಿದ್ರೆ ಹೊಸ ತಳವೂ ಹೋಗ್ತಿತ್ತು.

ಅದಾದ್ಮೇಲೆ ಕಪಾಟಿನ ಮುಂಭಾಗಕ್ಕೆ ಒಂದು ಮೇನ್ ಸ್ವಿಚ್ ಹಾಕಿದ್ದೀನಿ, ಒಳಗೆ ಪುಟ್ಟ ಲೈಟ್ ಇರೋದು, ವ್ಯಾನಿಂದ ಇಳಿಯೋವಾಗ ಮಲಗೋವಾಗ ಅದು ಆಫ್. ಫ್ಯೂಸ್ ಮೊದಲಿಂದಲೂ 5 ಆಂಪಿಯರಿನದು ಬ್ಯಾಟರಿ ಪಕ್ಕದಲ್ಲೇ ಇದೆ, ಆದ್ರೆ ಅದು ವೈರನ್ನ ಕಾಯೋಕೆ, ಒಣಗಿ ಓಡೋ ಪಂಪನ್ನ ಅದು ಕಾಯಲ್ಲ, ಇದನ್ನ ತಪ್ಪು ತಿಳ್ಕೊಂಡಿದ್ದೆ. ಪಂಪಿನ ಮೇಲೆ ಪೈಪಿನ ದಾರೀಲಿ ಒಂದು ನಾನ್ ರಿಟರ್ನ್ ವಾಲ್ವ್ ಕೂಡಾ ಹಾಕಿದೆ, ಪೈಪಲ್ಲಿರೋ ನೀರು ವಾಪಸ್ ಕ್ಯಾನಿಗೆ ಇಳಿಯಲ್ಲ, ನಲ್ಲಿ ತಿರುಗಿಸಿದ ಕೂಡ್ಲೇ ನೀರು ಬರುತ್ತೆ. ಕರೆಂಟಿನ ಗೊಡವೆಯೇ ಬೇಡ ಅನ್ನೋರಿಗೆ ಕಾಲಲ್ಲಿ ತುಳಿಯೋ ಪಂಪು ಇದೆ, ಸ್ನೇಹಿತರ ವ್ಯಾನಲ್ಲಿ ಒಂದು ವಾರ ಬಳಸಿದ್ದೀನಿ, ಎರಡು ಕೈಯೂ ಖಾಲಿ ಇರುತ್ತೆ, ತುಳಿದಷ್ಟೇ ನೀರು. ಮತ್ತೆ ಮೊದಲಿಂದ ಮಾಡೋದಾದ್ರೆ ನಾನು ಅದನ್ನೇ ಹಾಕ್ತೀನಿ.

ಒಳ್ಳೆ ನೀರಿನ ಕ್ಯಾನಿನ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಕುಡಿಯೋ ನೀರು ಇಡಬಹುದಾದ ಫುಡ್ ಗ್ರೇಡ್ ಎಚ್‌ಡಿಪಿಇ ಪ್ಲಾಸ್ಟಿಕ್ ಇರ್ಲಿ, ಬೆಳಕು ಒಳಗೆ ಹೋಗದ ಬಣ್ಣ ಇರ್ಲಿ, ಇಲ್ಲಾಂದ್ರೆ ಪಾಚಿ ಕಟ್ಟುತ್ತೆ, ಕೈ ಒಳಗೆ ಹೋಗೋ ಅಗಲದ ಬಾಯಿ ಇದ್ರೆ ಉಜ್ಜೋಕೆ ಆಗುತ್ತೆ. ತುಂಬಿದ ಕ್ಯಾನು 20 ಕೆಜಿಗಿಂತ ಮೇಲೆ, ಬ್ರೇಕ್ ಹಾಕಿದ್ರೆ ಮುಂದಕ್ಕೆ ನುಗ್ಗುತ್ತೆ, ಬೆಲ್ಟ್ ಹಾಕಿ ಬಿಗೀರಿ. ನಾವು ಕೆಲವು ತಿಂಗಳಿಗೊಮ್ಮೆ, ವ್ಯಾನು ತುಂಬಾ ದಿನ ನಿಂತಿದ್ರೆ ಹೊರಡೋ ಮುಂಚೆ, ಪರಿಮಳ ಇಲ್ಲದ 5 ಪರ್ಸೆಂಟಿನ ಬ್ಲೀಚು 20 ಲೀಟರಿಗೆ 20 ಮಿಲಿ ಹಾಕಿ, ನಲ್ಲೀಲಿ ವಾಸನೆ ಬರೋವರೆಗೂ ಪಂಪ್ ಮಾಡಿ, ನಾಲ್ಕು ಗಂಟೆ ಬಿಟ್ಟು, ಆಮೇಲೆ ವಾಸನೆ ಹೋಗೋವರೆಗೂ ಒಳ್ಳೆ ನೀರಲ್ಲಿ ತೊಳೀತೀವಿ. ಬ್ಲೀಚು ಹಾಕಿದ ನೀರನ್ನ ಸ್ಟೀಲ್ ಸಿಂಕಲ್ಲಿ ನಿಲ್ಲೋಕೆ ಬಿಡಬೇಡಿ, ಕಲೆ ಬೀಳುತ್ತೆ. ಪೈಪಿನೊಳಗೆ ಲೋಳೆ ಕಟ್ಟಿದ್ರೆ ಮಾತ್ರ ಬ್ಲೀಚಿಂದ ಪೂರ್ತಿ ಹೋಗಲ್ಲ, ಆ ಪೈಪು ಬದಲಾಯಿಸೋದೇ ವಾಸಿ, ನಮ್ಮದು ಕಳೆದ ತಿಂಗಳು ಬದಲಾಯಿಸಿದೆ, ಹತ್ತು ನಿಮಿಷದ ಕೆಲಸ.