ಒಂದು ಟನ್ ಚೈನ್ ಪುಲ್ಲಿ: ಎರಡು ವರ್ಷ ಬಳಸಿದ ಮೇಲೆ

ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ರೊಬಸ್ಟಾ ಕಾಫಿ ತೋಟ. ಫೆಬ್ರವರಿ ಬಂತೆಂದರೆ ಹೂವಿಗೆ ಸ್ಪ್ರಿಂಕ್ಲರ್ ನೀರು ಹಾಯಿಸಬೇಕು, ಅದಕ್ಕೆ ಡೀಸೆಲ್ ಎಂಜಿನ್ ಪಿಕಪ್‌ನಲ್ಲಿ ಕೆರೆ ಏರಿಗೆ ಹೋಗಬೇಕು, ಮಳೆ ಹಿಡಿಯುವ ಮೊದಲು ವಾಪಸ್ ಶೆಡ್ಡಿಗೆ ಬರಬೇಕು. ತೂಕ ಸುಮಾರು 300 ಕೆಜಿ. ಮೊದಲೆಲ್ಲ ಬಿದಿರಿಗೆ ಹಗ್ಗ ಕಟ್ಟಿ ಆರು ಜನ ಹೊರುತ್ತಿದ್ದೆವು. ಒಂದು ಸಲ ಹಗ್ಗ ಜಾರಿ, ನಮ್ಮ ಜೊತೆ ಕೆಲಸ ಮಾಡುವ ಅಣ್ಣನ ಕಾಲ್ಬೆರಳು ಜಜ್ಜಿಹೋಯಿತು. ಮರುವಾರವೇ ಕುಶಾಲನಗರಕ್ಕೆ ಹೋಗಿ ಈ ಚೈನ್ ಪುಲ್ಲಿ ತಂದೆ, ಅಂದರೆ ಕೈಯಲ್ಲಿ ಸರಪಳಿ ಎಳೆದು ಭಾರ ಎತ್ತುವ ಸಾಧನ. 3 ಮೀಟರ್ ಎತ್ತುವಂಥದ್ದು, 7,500 ರೂಪಾಯಿ ಬಿತ್ತು.

ಈಗ ಇಬ್ಬರೇ ಸಾಕು.

ಬಾವಿಯ ರಾಟೆ ಎಳೆತದ ದಿಕ್ಕನ್ನಷ್ಟೇ ಬದಲಿಸುತ್ತದೆ, 20 ಕೆಜಿ ಕೊಡಕ್ಕೆ 20 ಕೆಜಿ ಬಲವೇ ಬೇಕು. ಇದರೊಳಗೆ ಹಲ್ಲಿನ ಚಕ್ರಗಳಿವೆ. ಕೈ ಸರಪಳಿ ಸುಮಾರು 40 ಅಡಿ ಎಳೆದರೆ ಎಂಜಿನ್ ಏರುವುದು ಒಂದೇ ಅಡಿ, ಆದರೆ ಎಳೆಯುವ ಭಾರ 10 ಕೆಜಿ ಆಸುಪಾಸು, ಅಷ್ಟೇ! ಮೊದಲ ದಿನ ಅಮ್ಮನೇ ಬಂದು ಎಳೆದು ನೋಡಿದರು, ಎಂಜಿನ್ ನೆಲ ಬಿಟ್ಟಿತು. ನನಗೆ ತುಂಬಾ ಇಷ್ಟವಾಗಿದ್ದು ಬ್ರೇಕ್. ಸರಪಳಿ ಬಿಟ್ಟು ಕೈ ಒರೆಸಿಕೊಂಡರೂ ಭಾರ ಅಲ್ಲೇ ನಿಲ್ಲುತ್ತದೆ. ಹಾಗಂತ ಕೆಳಗೆ ಕಾಲಿಡಬೇಡಿ, ಯಾವತ್ತೂ.

ಬೇಜಾರಾಗಿದ್ದೂ ಇದೆ. ಕೊಕ್ಕೆಯ ಬಾಯಿ ಮುಚ್ಚುವ ನಾಲಿಗೆ ಇರುತ್ತದಲ್ವಾ, ಅದರ ಸ್ಪ್ರಿಂಗ್ ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿದು ಮುರಿಯಿತು. ಅಂಗಡಿಯವರು ಗ್ಯಾರಂಟಿಗೆ ಬರಲ್ಲ ಅಂದರು. ಭಾರ ಕಟ್ಟಿದ ಹಗ್ಗ ಕೊಕ್ಕೆಯಿಂದ ಜಾರದಂತೆ ತಡೆಯುವುದೇ ಅದು, ಅದಕ್ಕೇ ಗ್ಯಾರಂಟಿ ಇಲ್ಲ ಅಂದರೆ ಹೇಗೆ? ಹೊಸದು ಹಾಕಿಸುವ ತನಕ ನಾನು ಪುಲ್ಲಿ ಮುಟ್ಟಲಿಲ್ಲ. ನಮ್ಮ ಮಳೆಗೆ ಭಾರ ಎತ್ತುವ ಸರಪಳಿಗೆ ಆಗಾಗ ಎಣ್ಣೆ ಹಾಕಲೇಬೇಕು, ಆದರೆ ಬ್ರೇಕ್ ಪ್ಲೇಟಿಗೆ ಒಂದು ಹನಿಯೂ ತಾಗಬಾರದು, ತಾಗಿದರೆ ಭಾರ ಜಾರುತ್ತದೆ.

ಪುಲ್ಲಿ ತೂಗುಹಾಕುವ ಮುಕ್ಕಾಲಿ ಸ್ಟ್ಯಾಂಡ್ ಇದರ ಜೊತೆ ಬರಲ್ಲ. ದಪ್ಪ ಪೈಪ್ ತಂದು ವೆಲ್ಡಿಂಗ್ ಮಾಡಿಸಿಕೊಳ್ಳಿ, ಅದಕ್ಕೆ ಬೇರೆ ಖರ್ಚಿದೆ. ದುಡ್ಡು ಉಳಿಸೋಣ ಅಂತ ಸಿಲ್ವರ್ ಓಕ್ ಕೊಂಬೆಗೆ ತೂಗುಹಾಕಬೇಡಿ. ಆ ಕೊಂಬೆ ಎಷ್ಟು ಬೇಗ ಮುರಿಯುತ್ತೆ ಅಂತ ತೋಟದವರಿಗೆ ಗೊತ್ತು.

ಬರೀ ಕಾಫಿ ಮೂಟೆ ಏರಿಸೋಕಾದರೆ ಇದು ಬೇಡ, ಸುಮ್ನೆ ಖರ್ಚು. 3 ಅಡಿ ಎತ್ತರದ ಪಿಕಪ್‌ಗೆ 9 ಅಡಿಯ ಗಟ್ಟಿ ಹಲಗೆ ಒರಗಿಸಿ, ಕೈಗಾಡಿಯಲ್ಲಿ ತಳ್ಳಿ. 50 ಕೆಜಿ ಮೂಟೆಗೆ 17 ಕೆಜಿಗಿಂತ ಸ್ವಲ್ಪ ಜಾಸ್ತಿ ಬಲ ಸಾಕು. ಎಂಜಿನ್, ಮೋಟಾರ್, ಕಲ್ಲುಕಂಬ ಇದ್ದವರು ಪುಲ್ಲಿ ತಗೊಳ್ಳಿ. ಅಂಗಡಿಯಲ್ಲೇ ಕೊಕ್ಕೆಯ ನಾಲಿಗೆಯನ್ನು ಹತ್ತು ಸಲ ಒತ್ತಿ ನೋಡಿ, ಆಮೇಲೆ ದುಡ್ಡು ಕೊಡಿ.