ಪಿಕಪ್‌ನ ಹಿಂಬದಿ ಕಿರುಗುಟ್ಟಿದರೆ ಶಾಕ್ ಅಬ್ಸಾರ್ಬರ್ ಬದಲಿಸಲು ಒಪ್ಪಬೇಡಿ

ತಿಪಟೂರು ಕಡೆಯಿಂದ ತೆಂಗಿನಕಾಯಿ ಸಾಗಿಸುವ ನನ್ನ ಪಿಕಪ್‌ನ ಹಿಂಬದಿಯಲ್ಲಿ ಕಿರ್ರೆನ್ನುವ ಸದ್ದು ಶುರುವಾದಾಗ, ಹೆದ್ದಾರಿ ಬದಿಯ ವರ್ಕ್‌ಶಾಪ್ ಒಂದರವರು ನನ್ನಿಂದ ಹನ್ನೊಂದು ಸಾವಿರ ರೂಪಾಯಿ ಕಿತ್ತುಕೊಂಡು, ಸದ್ದನ್ನು ಹಾಗೆಯೇ ಉಳಿಸಿ ಕಳುಹಿಸಿದರು. ಇನ್ನೊಬ್ಬರ ಹಣ ಹೀಗೆ ಹೋಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಸದ್ದಿನ ಲಕ್ಷಣಗಳನ್ನು ನಾನು ಮೊದಲೇ ಬಿಡಿಸಿ ಹೇಳಿದ್ದೆ. ಹಂಪ್‌ಗಳನ್ನು ನಿಧಾನವಾಗಿ ದಾಟುವಾಗ ಮಾತ್ರ ಬರುತ್ತದೆ, ಬ್ರೇಕ್ ಒತ್ತಿದರೂ ಬಿಟ್ಟರೂ ವ್ಯತ್ಯಾಸವಿಲ್ಲ, ಮಳೆಯಲ್ಲಿ ಓಡಿಸಿದ ದಿನ ಪೂರ್ತಿ ಮಾಯವಾಗುತ್ತದೆ ಎಂದಿದ್ದೆ. ಹಿಂದಿನ ಚಕ್ರಗಳಿಗೆ ಇಂಜಿನ್ನಿನ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ಕೀಲು, ಸವೆದಿದ್ದರೆ ಸಮತಟ್ಟಾದ ರಸ್ತೆಯಲ್ಲೂ ವೇಗಕ್ಕೆ ತಕ್ಕಂತೆ ಸದ್ದು ಚುರುಕಾಗಬೇಕಿತ್ತು. ನೀರು ಬಿದ್ದರೆ ನಿಲ್ಲುವ ಸದ್ದು ಎಂದರೆ ಲೀಫ್ ಸ್ಪ್ರಿಂಗಿನಲ್ಲಿ (ಗಾಡಿಯ ಭಾರ ಹೊರಲು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು) ಪಟ್ಟಿಗಳು ಒಂದಕ್ಕೊಂದು ಒಣಗಿ ಉಜ್ಜುತ್ತಿವೆ ಎಂದೇ ಮೊದಲು ಅನುಮಾನಿಸಬೇಕು. ಗಾಡಿ ಕೆಲಸದವರಿಗೆ ಇದು ತಿಳಿಯದ ಸಂಗತಿಯಲ್ಲ. ಆದರೂ ವರ್ಕ್‌ಶಾಪ್ ಮಾಲೀಕ ಗಾಡಿಯ ಕೆಳಗೆ ಬಗ್ಗಿಯೂ ನೋಡದೆ, "ಶಾಕ್ ಹೋಗಿದೆ ಅಣ್ಣಾ, ಎರಡೂ ಬದಲಿಸಬೇಕು, ಜೊತೆಗೆ ಬುಷ್ ಕೂಡ" ಎಂದು ತೀರ್ಮಾನ ಕೊಟ್ಟ. ಬುಷ್ ಎಂದರೆ ಬೋಲ್ಟ್ ಹಾಯುವ ಕೀಲಿನ ಜಾಗದಲ್ಲಿ ಕೂರುವ ರಬ್ಬರ್ ಸುತ್ತು. ಶಾಕ್ ಹಾಳಾದರೆ ಸಾಮಾನ್ಯವಾಗಿ ಎಣ್ಣೆ ಸೋರುತ್ತದೆ; ಹಳೆಯ ಶಾಕ್‌ಗಳಲ್ಲಿ ಅದರ ಕುರುಹೇ ಇರಲಿಲ್ಲ.

ಸಂಜೆ ಗಾಡಿಯನ್ನು ತೊಳೆದು, ಥಳಥಳ ಹೊಳೆಯುವಂತೆ ಮಾಡಿ ಕೊಟ್ಟರು. ಓಡಿಸಿ ನೋಡಿದೆ, ಸದ್ದಿಲ್ಲ. ಹಣ ಕೊಟ್ಟೆ. ಹಳೆಯ ಸಾಮಾನು ಕೇಳಿದರೆ "ಗುಜರಿಯವನು ಒಯ್ದ" ಎಂದರು. ನಾಲ್ಕು ಬಿಸಿಲು ಬಿದ್ದದ್ದೇ ತಡ, ಮಾರುಕಟ್ಟೆಯ ಬಾಗಿಲ ಹಂಪಿನ ಮೇಲೆ, ಹಮಾಲರೆಲ್ಲ ತಿರುಗಿ ನೋಡಿ ನಗುವಷ್ಟು ಜೋರಾಗಿ ಅದೇ ಸದ್ದು ಮರಳಿತು. ಅಲ್ಲೇ ಕೆಳಗೆ ನುಗ್ಗಿ ನೋಡಿದರೆ ಸ್ಪ್ರಿಂಗಿನ ತುಂಬ ಕರಿ ಇಂಜಿನ್ ಆಯಿಲ್, ಅದರ ಮೇಲೆ ದಪ್ಪಗೆ ಮೆತ್ತಿದ ಧೂಳು. ಗಾಡಿ ತೊಳೆದು, ಸುಟ್ಟ ಆಯಿಲ್ ಎರಚಿ, ಸದ್ದು ಅಡಗಿದ ಆ ಹೊತ್ತಿನಲ್ಲಿ ನನ್ನಿಂದ ಹಣ ಎಣಿಸಿಕೊಂಡಿದ್ದರು! ತೊಳೆದು ಕೊಟ್ಟದ್ದು ಮರ್ಯಾದೆಗೆಂದು ನಾನು ತಿಳಿದಿದ್ದೆ.

ಮರಳಿ ಹೋಗಿ ಕೇಳಿದಾಗ ಬಂದ ಉತ್ತರಗಳನ್ನು ಹಾಗೆಯೇ ಕೊಡುತ್ತೇನೆ. "ಲೋಡ್ ಗಾಡಿ ಅಂದಮೇಲೆ ಸದ್ದು ಇದ್ದೇ ಇರುತ್ತೆ ಅಣ್ಣಾ." "ಹೊಸ ಬುಷ್ ಕೂರೋವರೆಗೂ ಹಂಗೇ." ಕೊನೆಗೆ, "ಸ್ಪ್ರಿಂಗ್ ಸೆಟ್ಟೇ ಬದಲಿಸಿಬಿಡೋಣ, ನಿಮಗೆ ಅಂತ ಕಡಿಮೆ ಮಾಡಿಕೊಡ್ತೀನಿ." ನಾಚಿಕೆಯಿಲ್ಲದೆ ಇನ್ನೊಂದು ಬಿಲ್ಲಿಗೆ ಪೀಠಿಕೆ ಹಾಕುತ್ತಿದ್ದ.

ಸ್ಪ್ರಿಂಗ್ ಕೆಲಸವನ್ನಷ್ಟೇ ಮಾಡುವ ಹಿರಿಯರೊಬ್ಬರು ಪಟ್ಟಿಗಳನ್ನು ಬಿಚ್ಚಿ ತೋರಿಸಿದರು. ಪಟ್ಟಿಗಳ ತುದಿಯಲ್ಲಿ ಇರಬೇಕಾದ ಪ್ಯಾಡ್‌ಗಳು ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ತುಕ್ಕು ಉಜ್ಜಿ, ಪ್ಯಾಡ್ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ ಚಕ್ರದ ಮೇಲೆ ಭಾರ ಬಿದ್ದ ಮೇಲೆಯೇ ಬುಷ್ ಬೋಲ್ಟ್‌ಗಳನ್ನು ಬಿಗಿದರು; ಜಾಕ್ ಮೇಲೆ ತೂಗುತ್ತಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದಂತೆ. ವರ್ಕ್‌ಶಾಪಿನವರು ಹಾಕಿದ ಹೊಸ ಬುಷ್‌ಗಳ ಅಂಚು ಆಗಲೇ ಬಿರುಕು ಬಿಟ್ಟಿತ್ತು, ಆಯಿಲ್ ಕುಡಿದು ಉಬ್ಬಿಯೂ ಇತ್ತು. ಇಷ್ಟೆಲ್ಲಕ್ಕೆ ಆ ಹಿರಿಯರು ತೆಗೆದುಕೊಂಡದ್ದು ಆ ಮೊದಲ ಬಿಲ್ಲಿನ ಹತ್ತನೇ ಒಂದು ಪಾಲೂ ಇಲ್ಲ.

ಆದ್ದರಿಂದ ಗಾಡಿ ತೊಳೆಯುವ ಮೊದಲೇ, ಒಣ ಸ್ಪ್ರಿಂಗಿನಲ್ಲಿ, ಹಂಪ್ ಇರುವ ರಸ್ತೆಯಲ್ಲಿ, ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ನೋಡಿ. ಸಾಮಾನು ಬದಲಿಸುವಾಗ ಎದುರಿಗೇ ನಿಂತಿರಿ, ಹಳೆಯದನ್ನು ಚೀಲಕ್ಕೆ ಹಾಕಿಸಿಕೊಳ್ಳಿ, ಜಿಎಸ್‌ಟಿ ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ನನಗೆ ಸಿಕ್ಕಿದ್ದು ಬಿಳಿ ಚೀಟಿ. ಅದನ್ನೇ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಆ ಮಾಲೀಕ ಈಗ "ಬೇರೆಯವರು ಬಿಚ್ಚಿದ ಗಾಡಿಗೆ ನಾವು ಜವಾಬ್ದಾರರಲ್ಲ" ಎನ್ನುತ್ತಿದ್ದಾನೆ.