ದಿನಚರಿಯೋ, ಹಂಗಾಮಿನ ಅವಲೋಕನವೋ?

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ ಭಾಗದ ಸಕ್ಕರೆ ಕಾರ್ಖಾನೆಗಳಿಗೆ ಹೊಸದಾಗಿ ಸೇರಿದ ಕೆಮಿಸ್ಟ್‌ಗಳು ವೃತ್ತಿಯಲ್ಲಿ ಬೆಳೆಯುವ ಬಗೆಯನ್ನು ಕೇಳಿದಾಗ, ನಾನು ಎರಡು ದಾರಿಗಳನ್ನು ಅವರ ಮುಂದಿಡುತ್ತೇನೆ.

ಮೊದಲನೆಯದು, ಪಾಳಿ ಮುಗಿದೊಡನೆ ಹತ್ತು ನಿಮಿಷ ಬರೆಯುವ ದಿನಚರಿ. ಕಬ್ಬಿನ ರಸಕ್ಕೆ ಬೆರೆಸುವ ಸುಣ್ಣದ ಪ್ರಮಾಣವನ್ನು ಏಕೆ ಬದಲಿಸಿದೆ, ಮೇಲಧಿಕಾರಿಯನ್ನು ಕೇಳಲು ಏಕೆ ಹಿಂಜರಿದೆ ಎಂಬುದು ವಾರ ಕಳೆಯುವಷ್ಟರಲ್ಲಿ ಮಸುಕಾಗಿ, ಮನಸ್ಸು ತನಗೆ ಅನುಕೂಲವಾದ ಕಾರಣವನ್ನೇ ಹೆಣೆದುಕೊಳ್ಳುವುದರಿಂದ, ಅಂದೇ ಬರೆದ ಎರಡು ಸಾಲುಗಳಿಗೆ ಸಾಕ್ಷಿಯ ಬೆಲೆಯಿದೆ. ದಣಿದ ದೇಹಕ್ಕೆ ಇದು ಸುಲಭವಲ್ಲ ಎಂಬುದನ್ನೂ ಹೇಳಲೇಬೇಕು.

ಎರಡನೆಯದು, ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಒಂದಿಡೀ ದಿನ ಕುಳಿತು ಮಾಡುವ ಅವಲೋಕನ. ಅನುಭವವನ್ನು ಹಿಂತಿರುಗಿ ನೋಡಿ ಕಲಿಯಲೆಂದು ಶಿಕ್ಷಣ ತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಮಂಡಿಸಿದ ವಿವರಣೆ, ಭಾವನೆ, ಮೌಲ್ಯಮಾಪನ, ವಿಶ್ಲೇಷಣೆ, ತೀರ್ಮಾನ, ಮುಂದಿನ ಯೋಜನೆ ಎಂಬ ಆರು ಹಂತಗಳು ಇದಕ್ಕೆ ಚೆನ್ನಾಗಿ ಹೊಂದುತ್ತವೆ.

ಕೆಲಸದ ಹಿಡಿತವೇ ಇನ್ನೂ ಸಿಗದವರು ದಿನಚರಿಯನ್ನೇ ಆರಿಸಿಕೊಳ್ಳಲಿ. ಐದಾರು ಹಂಗಾಮು ಕಂಡು, ಇಲ್ಲಿಯೇ ಬಡ್ತಿಗೆ ಕಾಯುವುದೋ ಬೆಳಗಾವಿಯತ್ತ ಹೊರಡುವುದೋ ಎಂದು ತೂಗುತ್ತಿರುವವರಿಗೆ ಅವಲೋಕನವೇ ಹೆಚ್ಚು ನೆರವಾಗುತ್ತದೆ. ಆದರೆ ಅವರೂ ಕೊನೆಯ ಎರಡು ತಿಂಗಳಾದರೂ ದಿನಚರಿ ಬರೆದಿಟ್ಟುಕೊಂಡು ಆ ದಿನ ಕುಳಿತುಕೊಳ್ಳಬೇಕೆಂಬುದು ನನ್ನ ಕಳಕಳಿಯ ಕೋರಿಕೆ.